ಓದು ಬಾರದ ಓದುಗರ ಪುಸ್ತಕ

ಓದಲು ಬಾರದ, ನೆಟ್ಟಗೆ ಮಾತೂ ಬಾರದ ಕೂಸನ್ನು ಓದುಗನೆಂದು ಭಾವಿಸಿ ಅದಕ್ಕಾಗಿಯೇ ಒಂದು ಪುಸ್ತಕವನ್ನು ರಚಿಸಬಹುದೆಂಬ ವಿಚಾರ ಮುದ್ರಣದ ಇತಿಹಾಸದಲ್ಲಿ ತೀರ ಈಚಿನದು. ಮೊರಾವಿಯಾದ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರಕಟಿಸಿದ ‘ಓರ್ಬಿಸ್ ಪಿಕ್ಟುಸ್’ ಮಕ್ಕಳ ಚಿತ್ರಪುಸ್ತಕಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿದ್ದರೂ, ಅಕ್ಷರಗಳ ಧ್ವನಿಯನ್ನು ಕಾಗೆ, ಕುರಿಮರಿ ಮೊದಲಾದವುಗಳ ಕೂಗಿನಿಂದ ಪರಿಚಯಿಸುವ ಅದರ ಮೊದಲ ಪುಟಗಳು ಎಷ್ಟೇ ಸೊಗಸಾಗಿದ್ದರೂ, ಅದು ಲ್ಯಾಟಿನ್ ಕಲಿಯಲು ಕುಳಿತ ಶಾಲಾಬಾಲಕರ ಪಠ್ಯವೇ ಆಗಿತ್ತು. ಲಂಡನ್ನಿನ ಡೀನ್ ಸಂಸ್ಥೆ 1903ರಲ್ಲಿ ಒಗೆದು ಒಣಗಿಸಬಹುದಾದ ಬಟ್ಟೆಯ ಪುಸ್ತಕಗಳನ್ನು ಹೊರತಂದಾಗ, ಕೂಸು ಪುಸ್ತಕವನ್ನು ಬಾಯಿಗಿಟ್ಟುಕೊಳ್ಳುತ್ತದೆ ಎಂಬ ಸಂಗತಿಗೆ ಪ್ರಕಾಶಕರಿಂದ ಮನ್ನಣೆ ದೊರೆಯಿತು. ಆದರೆ ಆ ಕೂಸು ಏನನ್ನು ಕೇಳಲು ಬಯಸುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಲು ಇನ್ನೂ ಒಂದೆರಡು ದಶಕಗಳು ಬೇಕಾದವು.

ಆ ಪ್ರಶ್ನೆಯನ್ನು ಕೇಳಿದವರು ನ್ಯೂಯಾರ್ಕಿನ ಲೂಸಿ ಸ್ಪ್ರೇಗ್ ಮಿಚೆಲ್. 1916ರಲ್ಲಿ ಅವರು ಸ್ಥಾಪಿಸಿದ, ಮುಂದೆ ಅದು ನೆಲೆಸಿದ ಬೀದಿಯ ಹೆಸರಿನಿಂದ ಬ್ಯಾಂಕ್ ಸ್ಟ್ರೀಟ್ ಎಂದೇ ಪ್ರಸಿದ್ಧವಾದ ಶಿಕ್ಷಣ ಪ್ರಯೋಗಶಾಲೆಯಲ್ಲಿ, ಪುಟ್ಟ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ತಾವೇ ಗುನುಗಿಕೊಳ್ಳುವ ಮಾತನ್ನು ಶಿಕ್ಷಕಿಯರು ಇದ್ದದ್ದು ಇದ್ದ ಹಾಗೆಯೇ ಬರೆದಿಟ್ಟುಕೊಳ್ಳುತ್ತಿದ್ದರು. ಎರಡು ವರ್ಷದ ಮಗುವಿಗೆ ಕಥೆಯ ತಿರುವುಗಳಿಗಿಂತ ಶಬ್ದದ ಲಯ ಮತ್ತು ಪುನರಾವರ್ತನೆಯೇ ಮುಖ್ಯ, ಅದರ ಪಾಲಿಗೆ ಯಕ್ಷಿಣಿಯ ಅರಮನೆಗಿಂತ ಬೀದಿಯಲ್ಲಿ ಹೋಗುವ ಗಾಡಿಯೂ ಕೋಣೆಯಲ್ಲಿನ ಕುರ್ಚಿಯೂ ಹೆಚ್ಚಿನ ಬೆರಗು ಎಂಬ ತೀರ್ಮಾನಕ್ಕೆ ಬಂದ ಮಿಚೆಲ್, 1921ರಲ್ಲಿ ‘ಹಿಯರ್ ಅಂಡ್ ನೌ ಸ್ಟೋರಿ ಬುಕ್’ ಎಂಬ ಸಂಕಲನವನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ಪ್ರಕಟಿಸಿದರು. ಬಾಲ್ಯವೆಂದರೆ ಅದ್ಭುತ ಕಥೆಗಳ ಕಾಲವೆಂದು ದೃಢವಾಗಿ ನಂಬಿದ್ದವರಿಗೆ ಇದು ಹಿಡಿಸಲಿಲ್ಲ. ಅವರ ಮುಂದಾಳಾಗಿದ್ದವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗವನ್ನು 1906ರಿಂದ 1941ರವರೆಗೆ ನಡೆಸಿದ ಆ್ಯನ್ ಕ್ಯಾರಲ್ ಮೂರ್. ಅಮೆರಿಕದಲ್ಲಿ ಒಂದು ಮಕ್ಕಳ ಪುಸ್ತಕದ ಏಳುಬೀಳನ್ನು ಅವರ ಒಂದು ಮಾತು ನಿರ್ಧರಿಸಬಲ್ಲದು ಎಂಬಷ್ಟು ಅವರ ಪ್ರಭಾವವಿತ್ತು.

ಮಿಚೆಲ್ ಅವರ ಬಳಿಗೆ 1935ರಲ್ಲಿ ಶಿಕ್ಷಕಿಯಾಗಲೆಂದು ಬಂದು ಲೇಖಕಿಯಾದವರು ಮಾರ್ಗರೆಟ್ ವೈಸ್ ಬ್ರೌನ್. ತಾವು ಬರೆದದ್ದನ್ನು ಶಿಶುವಿಹಾರದ ಮಕ್ಕಳಿಗೆ ಓದಿ ಹೇಳುವುದು, ಅವರ ಗಮನ ಎಲ್ಲಿ ಚದುರುತ್ತದೆಂದು ನೋಡುವುದು, ಅವರ ಬಾಯಿಂದ ಬಂದ ಮಾತನ್ನೇ ಹಸ್ತಪ್ರತಿಗೆ ಸೇರಿಸಿಕೊಳ್ಳುವುದು ಅವರ ಪದ್ಧತಿಯಾಗಿತ್ತು. ಈ ಶಿಸ್ತಿನ ಫಲವಾಗಿ ಹುಟ್ಟಿದ್ದು, ಕ್ಲೆಮೆಂಟ್ ಹರ್ಡ್ ಅವರ ಚಿತ್ರಗಳೊಂದಿಗೆ 1947ರ ಸೆಪ್ಟೆಂಬರಿನಲ್ಲಿ ಹಾರ್ಪರ್ ಸಂಸ್ಥೆಯಿಂದ ಹೊರಬಂದ, ಇಂದಿಗೂ ಅಮೆರಿಕದ ಮನೆಮನೆಗಳಲ್ಲಿ ಮಲಗುವ ಹೊತ್ತಿಗೆ ಓದಲಾಗುವ ‘ಗುಡ್‌ನೈಟ್ ಮೂನ್’.

ಇದರಲ್ಲಿ ಕಥೆ ಎನ್ನುವಂಥದ್ದು ಏನೂ ಇಲ್ಲ. ಹಸಿರು ಗೋಡೆ, ಕೆಂಪು ನೆಲದ ಒಂದು ದೊಡ್ಡ ಕೋಣೆಯಲ್ಲಿ ಮೊಲದ ಮರಿಯೊಂದು ಹಾಸಿಗೆಯಲ್ಲಿದೆ. ಪುಸ್ತಕದ ಮೊದಲ ಭಾಗ ಆ ಕೋಣೆಯ ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತದೆ, ಎರಡನೆಯ ಭಾಗ ಅವುಗಳಿಗೆ ಒಂದೊಂದಾಗಿ ಶುಭರಾತ್ರಿ ಹೇಳುತ್ತದೆ, ಒಟ್ಟು ಪದಗಳು ಸುಮಾರು 130. ಹೆಸರು ಕಲಿಯುತ್ತಿರುವ ಮಗುವಿಗೆ ಕಂಡದ್ದನ್ನು ಬೆರಳಿಟ್ಟು ತೋರಿಸಿ ಅದರ ಹೆಸರು ಕೇಳುವುದೇ ದೊಡ್ಡ ಆಟ. ನಿದ್ದೆಯೆಂದರೆ ಎಲ್ಲರಿಂದಲೂ ಎಲ್ಲದರಿಂದಲೂ ಅಗಲುವುದು ಎಂಬ ಅಳುಕು ಕಾಡುವುದೂ ಅದೇ ವಯಸ್ಸಿನಲ್ಲಿ. ಬ್ರೌನ್ ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಹೆಣೆದು, ಹೆಸರಿಸಿದ ಪ್ರತಿಯೊಂದೂ ಅಲ್ಲೇ ಇದೆ ಎಂಬ ಭರವಸೆಯೊಡನೆ ಬೀಳ್ಕೊಡುವ ವಿಧಿಯೊಂದನ್ನು ಕಟ್ಟಿದರು. ಆ ಪಟ್ಟಿಯೂ ಯಾಂತ್ರಿಕವಾದುದಲ್ಲ: ನಡುವೆ ಒಂದು ಕಡೆ ಚಿತ್ರವೇ ಇಲ್ಲದ ಖಾಲಿ ಪುಟ ಬರುತ್ತದೆ, ಅಲ್ಲಿ ಯಾರೂ ಇಲ್ಲದಿರುವುದಕ್ಕೇ ಶುಭರಾತ್ರಿ ಸಲ್ಲುತ್ತದೆ. ಓದಿ ಹೇಳುವ ದೊಡ್ಡವರು ಒಂದು ಕ್ಷಣ ತಡೆದು ನಿಲ್ಲುವ ಈ ಪುಟವನ್ನು ಮಕ್ಕಳು ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುವುದು ಗಮನಾರ್ಹ.

ಚಿತ್ರಗಳ ಕೆಲಸ ಇನ್ನೂ ಸೂಕ್ಷ್ಮವಾದುದು. ಬಣ್ಣದ ಪುಟಗಳೂ ಕಪ್ಪುಬಿಳಿ ಪುಟಗಳೂ ಸರದಿಯಲ್ಲಿ ಬರುತ್ತವೆ, ಬಣ್ಣದ ಕೋಣೆ ಪ್ರತಿ ಸಲ ಕಾಣಿಸಿಕೊಂಡಾಗಲೂ ಹಿಂದಿನದಕ್ಕಿಂತ ಕೊಂಚ ಮಬ್ಬಾಗಿರುತ್ತದೆ, ಗಡಿಯಾರದ ಮುಳ್ಳು 7 ಗಂಟೆಯಿಂದ 8 ಗಂಟೆ 10 ನಿಮಿಷದವರೆಗೆ ಸರಿಯುತ್ತದೆ, ಕಿಟಕಿಯಲ್ಲಿ ಚಂದ್ರ ಮೇಲೇರುತ್ತಾನೆ, ಪುಟ್ಟ ಇಲಿಯೊಂದು ಕೋಣೆಯಲ್ಲಿ ಜಾಗ ಬದಲಿಸುತ್ತಲೇ ಇರುತ್ತದೆ. ಹೀಗಾಗಿ ನೂರನೆಯ ಸಲ ಓದುವಾಗಲೂ ಮಗುವಿಗೆ ಹುಡುಕಲು ಏನಾದರೊಂದು ಉಳಿದಿರುತ್ತದೆ. ಹರ್ಡ್ ಮೊದಲು ಬರೆದದ್ದು ಮನುಷ್ಯರ ಹುಡುಗನನ್ನೂ ಅಜ್ಜಿಯನ್ನೂ. ಮೊಲಗಳೇ ಆಗಲಿ ಎಂದು ಬ್ರೌನ್ ಅವರೂ ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಮ್ ಅವರೂ ಸೂಚಿಸಿದ ಮೇಲೆ ಆ ಇಬ್ಬರೂ ಮೊಲಗಳಾದರು. ಗೋಡೆಯ ಪಟದಲ್ಲಿ ಚಂದ್ರನ ಮೇಲಿಂದ ಜಿಗಿಯುವ ಹಸುವಿನ ಕೆಚ್ಚಲು ಗ್ರಂಥಪಾಲಕಿಯರ ಕಣ್ಣಿಗೆ ಅಸಭ್ಯವಾಗಿ ಕಂಡೀತೆಂದು ಅದನ್ನು ಮಸುಕುಗೊಳಿಸಿದ್ದೂ ಉಂಟು. ಮಕ್ಕಳ ಪುಸ್ತಕಗಳ ಸುತ್ತ ದೊಡ್ಡವರು ಪಡುವ ಇಂಥ ಆತಂಕಕ್ಕೆ ಕೊನೆಯಿಲ್ಲ: 2005ರ ಮರುಮುದ್ರಣದಲ್ಲಿ ಪ್ರಕಾಶಕರು ಹಿಂಬದಿಯ ಭಾವಚಿತ್ರದಲ್ಲಿ ಹರ್ಡ್ ಅವರ ಬೆರಳುಗಳ ನಡುವೆ ಇದ್ದ ಸಿಗರೇಟನ್ನೇ ಅಳಿಸಿಹಾಕಿದರು.

ಹಸುವಿನ ವಿಷಯದಲ್ಲಿ ಅಷ್ಟು ಎಚ್ಚರಿಕೆ ವಹಿಸಿದರೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಒಲಿಯಲಿಲ್ಲ. ಮೂರ್ ಆ ಹೊತ್ತಿಗೆ ನಿವೃತ್ತರಾಗಿದ್ದರೂ ಅವರ ಅಭಿರುಚಿಯೇ ಅಲ್ಲಿ ಆಳುತ್ತಿದ್ದುದರಿಂದ ‘ಗುಡ್‌ನೈಟ್ ಮೂನ್’ 1972ರವರೆಗೆ ಆ ಗ್ರಂಥಾಲಯದ ಕಪಾಟನ್ನು ಸೇರಲಿಲ್ಲ. ಮೊದಲ ವರ್ಷ ಸುಮಾರು 6,000 ಪ್ರತಿಗಳು ಮಾರಾಟವಾಗಿ, 1950ರ ದಶಕದ ಆರಂಭದಲ್ಲಿ ಮಾರಾಟ ಇನ್ನೂ ಇಳಿದು, ಪುಸ್ತಕ ಮರೆಯಾಗುವ ಹಂತ ತಲುಪಿತ್ತು. ಬ್ರೌನ್ 1952ರಲ್ಲಿ, ಕೇವಲ 42ನೆಯ ವಯಸ್ಸಿನಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡಾಗ ಇದು ಅವರ ಹೆಸರನ್ನು ಉಳಿಸುವ ಕೃತಿಯೆಂದು ಯಾರಿಗೂ ತೋರಿರಲಿಲ್ಲ. ಅನಂತರದ ಏರಿಕೆಗೆ ಪತ್ರಿಕೆಯೊಂದರ ಪೋಷಕರ ಸಲಹಾ ಅಂಕಣದಲ್ಲಿ ಬಂದ ಮೆಚ್ಚುಗೆ ಸ್ವಲ್ಪ ನೆರವಾಗಿದ್ದರೂ, ಮುಖ್ಯ ಕಾರಣ ತಾಯಂದಿರ ಬಾಯಿಮಾತೇ. 1970ರ ವೇಳೆಗೆ ವರ್ಷದ ಮಾರಾಟ 20,000ದ ಸನಿಹಕ್ಕೆ ಬಂದಿತ್ತು. ವಿಮರ್ಶಕರು, ಗ್ರಂಥಪಾಲಕರು, ಬಹುಮಾನ ಸಮಿತಿಗಳು ಯಾರೂ ಆರಿಸದ ಪುಸ್ತಕವನ್ನು ಆರಿಸಿದ್ದು, ಪ್ರತಿ ರಾತ್ರಿ ಅದನ್ನೇ ಮತ್ತೆ ಓದೆಂದು ಹಟ ಹಿಡಿದ ಮಕ್ಕಳು.

ಕಿವಿಗೆ ತಕ್ಕ ಪುಸ್ತಕ ಹೀಗೆ ಬಂದರೆ, ಕೈಗೆ ತಕ್ಕದ್ದು ಬೇರೆ ದಾರಿಯಿಂದ ಬಂತು. ಡೊರೊತಿ ಕುನ್‌ಹಾರ್ಟ್ ತಮ್ಮ ಕಿರಿಯ ಮಗಳಿಗಾಗಿ ಮಾಡಿ 1940ರಲ್ಲಿ ಪ್ರಕಟಿಸಿದ ‘ಪ್ಯಾಟ್ ದ ಬನ್ನಿ’ಯಲ್ಲಿ ಸವರಲು ಮೊಲದ ಮೆತ್ತನೆಯ ಮೈ, ಮುಟ್ಟಿ ನೋಡಲು ಅಪ್ಪನ ಒರಟು ಗಡ್ಡ, ಮುಖ ನೋಡಿಕೊಳ್ಳಲು ಕನ್ನಡಿ ಇದ್ದವು. ಎರಿಕ್ ಕಾರ್ಲ್ ಅವರ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಕಾಗದಕ್ಕೆ ತೂತು ಹೊಡೆಯುವ ಯಂತ್ರದೊಡನೆ ಆಡುತ್ತಿದ್ದಾಗ ಹೊಳೆದ ಕಲ್ಪನೆ. ಮೊದಲು ಅವರು ಯೋಚಿಸಿದ್ದು ಪುಸ್ತಕದ ಹುಳುವನ್ನು, ಅದನ್ನು ಕಂಬಳಿಹುಳುವಾಗಿಸಿದ್ದು ಸಂಪಾದಕಿ ಆ್ಯನ್ ಬೆನೆಡ್ಯೂಸ್. ಕಿರಿದಾದ ಪುಟದಿಂದ ಅಗಲವಾದ ಪುಟದತ್ತ ಬೆಳೆಯುವ, ಪ್ರತಿ ಹಣ್ಣಿನಲ್ಲೂ ತೂತಿರುವ ಇಂಥ ಪುಸ್ತಕವನ್ನು ಕೈಗೆಟಕುವ ವೆಚ್ಚದಲ್ಲಿ ಮಾಡಿಕೊಡಲು ಅಮೆರಿಕದಲ್ಲಿ ಮುದ್ರಕರು ಸಿಗದೆ, 1969ರ ಮೊದಲ ಮುದ್ರಣ ಜಪಾನಿನಲ್ಲಿ ನಡೆಯಿತು. ಚಿಟ್ಟೆ ಗೂಡಿನಿಂದಲ್ಲ, ಪೊರೆಕೋಶದಿಂದ ಹೊರಬರುತ್ತದೆಂದು ಕೀಟತಜ್ಞರು ಆಕ್ಷೇಪಿಸಿದರೂ 60ಕ್ಕೂ ಹೆಚ್ಚು ಭಾಷೆಗಳ ಮಕ್ಕಳು ಆ ತೂತುಗಳಿಗೆ ಬೆರಳು ತೂರಿಸುವುದನ್ನು ಬಿಟ್ಟಿಲ್ಲ. ಅದರ ಜನಪ್ರಿಯತೆಗೆ ಮೆಚ್ಚುಗೆ ಪಡೆದ ಬಣ್ಣಗಳಿಗಿಂತ ಆ ತೂತೇ ಹೆಚ್ಚು ಕಾರಣವೆನ್ನಬೇಕು.

ಇನ್ನು ಬಾಯಿಗೆ ತಾಳಿಕೊಳ್ಳುವ ‘ಬೋರ್ಡ್ ಬುಕ್’, ಅಂದರೆ ಮೂಲೆಗಳನ್ನು ದುಂಡಗೆ ಕತ್ತರಿಸಿದ ದಪ್ಪ ರಟ್ಟಿನ ಹಾಳೆಗಳ ಪುಟ್ಟ ಪುಸ್ತಕ, ಸಾಹಿತ್ಯವೆನಿಸಿಕೊಂಡದ್ದು 1979ರಲ್ಲಿ ರೋಸ್‌ಮರಿ ವೆಲ್ಸ್ ಮ್ಯಾಕ್ಸ್ ಎಂಬ ತುಂಟ ಮೊಲವನ್ನೂ, 1981ರಲ್ಲಿ ಬ್ರಿಟನ್ನಿನ ಹೆಲೆನ್ ಆಕ್ಸೆನ್‌ಬರಿ ಉಣ್ಣುವ, ಆಡುವ, ಬಟ್ಟೆ ಹಾಕಿಸಿಕೊಳ್ಳುವ ಗುಂಡುಮುಖದ ಕೂಸುಗಳನ್ನೂ ಅದರೊಳಗೆ ತಂದ ಮೇಲೆ. ಆ ಯಶಸ್ಸಿನ ಬೆನ್ನಿಗೆ ಹಳೆಯ ಚಿತ್ರಪುಸ್ತಕಗಳನ್ನೆಲ್ಲ ಕುಗ್ಗಿಸಿ ರಟ್ಟಿಗೆ ಇಳಿಸುವ ಪರಿಪಾಠ ಬೆಳೆಯಿತು, ‘ಗುಡ್‌ನೈಟ್ ಮೂನ್’ ಕೂಡ 1991ರಲ್ಲಿ ಹಾಗೆ ಬಂತು. ಹರ್ಡ್ ಅವರ ಇಲಿಯನ್ನು ಆ ಅಂಗೈಯಗಲದ ಪುಟದಲ್ಲಿ ಹುಡುಕುವುದು ಮಾತ್ರ ಕಷ್ಟ.

ವಿಜ್ಞಾನಿಗಳೂ ವೈದ್ಯರೂ ಈ ಕ್ಷೇತ್ರಕ್ಕೆ ಬಂದದ್ದು ತಡವಾಗಿ. ಗರ್ಭಾವಸ್ಥೆಯ ಕೊನೆಯ ಆರು ವಾರ ತಾಯಿ ಗಟ್ಟಿಯಾಗಿ ಓದಿದ ಗದ್ಯವನ್ನು ನವಜಾತ ಶಿಶುಗಳು ಬೇರೆ ಗದ್ಯಕ್ಕಿಂತ ಹೆಚ್ಚು ಬಯಸುತ್ತವೆಂದು ಮನೋವಿಜ್ಞಾನಿಗಳಾದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ 1986ರಲ್ಲಿ, ಕೂಸು ಚೀಪುವ ಲಯವನ್ನು ಅಳೆದು ತೋರಿಸಿದರು. ಲಯವೇ ಮೊದಲೆಂದು ಮಿಚೆಲ್ ಹೇಳಿದ್ದಕ್ಕೆ ಅದು ಒಂದು ಬಗೆಯ ಪುಷ್ಟಿ. 1989ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಮಕ್ಕಳ ತಪಾಸಣೆಯ ಜೊತೆಗೆ ಪುಸ್ತಕ ಕೊಡುವ ‘ರೀಚ್ ಔಟ್ ಅಂಡ್ ರೀಡ್’, 1992ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 300 ಕೂಸುಗಳೊಡನೆ ‘ಬುಕ್‌ಸ್ಟಾರ್ಟ್’ ಆರಂಭವಾದವು. ಹುಟ್ಟಿದಾಗಿನಿಂದಲೇ ಗಟ್ಟಿಯಾಗಿ ಓದಿ ಹೇಳಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಅಧಿಕೃತವಾಗಿ ಸಲಹೆ ನೀಡಿತು.

ಕನ್ನಡದಲ್ಲಿ ಈ ಚರಿತ್ರೆಯ ಕ್ರಮ ಬೇರೆ. ಎಳೆಯರ ಕಿವಿಗೆ ಇಲ್ಲಿ ಕೊರತೆಯಿರಲಿಲ್ಲ: ಜೋಗುಳವೂ ಕೂಸನ್ನು ಆಡಿಸುವ ಹಾಡುಗಳೂ ಮೊದಲಿನಿಂದ ಇದ್ದವು, ಪಂಜೆ ಮಂಗೇಶರಾಯರೂ ‘ತುತ್ತೂರಿ’ಯ ಜಿ. ಪಿ. ರಾಜರತ್ನಂ ಅವರೂ ಆ ಲಯವನ್ನು ಅಚ್ಚಿಗೆ ತಂದರು. ಹಿಂದೆ ಬಿದ್ದದ್ದು ಚಿತ್ರ, ಏಕೆಂದರೆ ಬಣ್ಣದ ಮುದ್ರಣದ ವೆಚ್ಚವನ್ನು ಒಂದು ಭಾಷೆಯ ಮಾರುಕಟ್ಟೆ ಹೊರುವುದು ಕಷ್ಟ. ಒಂದೇ ಚಿತ್ರಸಮೂಹವನ್ನು ಹಲವು ಭಾಷೆಗಳ ಪಠ್ಯದೊಡನೆ ಮುದ್ರಿಸುವ ಉಪಾಯವನ್ನು ಚೆನ್ನೈನ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಮೊದಲಾದ ಪ್ರಕಾಶನಗಳು ಅನುಸರಿಸಿದ ಮೇಲೆ ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳು ದೊರೆಯುವಂತಾದವು. ಪ್ರಥಮ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಅಂತರಜಾಲ ತಾಣದಲ್ಲಿ ಯಾರು ಬೇಕಾದರೂ ಇವನ್ನು ಉಚಿತವಾಗಿ ಓದಬಹುದು, ತಮ್ಮ ಭಾಷೆಗೆ ತರಲೂಬಹುದು. ಇವುಗಳಲ್ಲಿ ಹೆಚ್ಚಿನವು ಓದಲು ಕಲಿಯುತ್ತಿರುವ ಮಕ್ಕಳನ್ನು ಉದ್ದೇಶಿಸಿದವು, ತೆಳುಹಾಳೆಯವು, ಮೂಲದ ಅರ್ಥವನ್ನು ಸರಿಯಾಗಿ ತಂದರೂ ಬಾಯಲ್ಲಿ ಹೊರಳುವ ಸೊಗಸನ್ನು ಎಲ್ಲ ಕಡೆಯೂ ತರಲಾರದವು. ತೊಡೆಯ ಮೇಲಿನ ಕೂಸಿಗೆ ಕನ್ನಡದಲ್ಲಿ ಓದಿ ಹೇಳುವವರು ಅಚ್ಚಾದ ವಾಕ್ಯವನ್ನು ಅಲ್ಲಲ್ಲಿ ಬಿಟ್ಟು ತಮಗೆ ಬಾಯಿಪಾಠವಾಗಿರುವ ಪ್ರಾಸವನ್ನು ಚಿತ್ರಕ್ಕೆ ಹೊಂದಿಸಿಕೊಂಡರೆ ಬ್ರೌನ್ ಅವರ ಪದ್ಧತಿಗೆ ಅದೇನೂ ವಿರುದ್ಧವಲ್ಲ.