ವಿದ್ಯುತ್ ಉಪಕೇಂದ್ರಗಳಲ್ಲಿ ಹಳೆಯ ಉಪಕರಣಗಳ ಬದಲಾವಣೆ: ಭಾಂಡುಪ್ ಪರಿಸರದ ನಿದರ್ಶನ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಹದಿಮೂರು ವರ್ಷಗಳ ಅನಂತರ, 1915ರಲ್ಲಿ, ಖೋಪೋಲಿಯ ವಿದ್ಯುತ್ತು ಮುಂಬಯಿಯ ಹತ್ತಿ ಗಿರಣಿಗಳಿಗೆ ಹರಿಯಿತು. ಅಂದಿನಿಂದ ಇಂದಿನವರೆಗೆ ಈ ಮಹಾನಗರವು ತನಗೆ ಬೇಕಾದ ವಿದ್ಯುತ್ತಿನ ದೊಡ್ಡ ಪಾಲನ್ನು ಹೊರಗಿನಿಂದ ಉನ್ನತ ವೋಲ್ಟೇಜಿನ ತಂತಿಗಳ ಮೂಲಕ ತರಿಸಿಕೊಳ್ಳುತ್ತ ಬಂದಿದೆ. ಆ ವೋಲ್ಟೇಜನ್ನು ಹಂತಹಂತವಾಗಿ ತಗ್ಗಿಸಿ ಮನೆ, ಕಾರ್ಖಾನೆಗಳಿಗೆ ಹಂಚುವ ಸ್ಥಾನಗಳೇ ಉಪಕೇಂದ್ರಗಳು.

ನಗರದ ಈಶಾನ್ಯ ಭಾಗದಲ್ಲಿರುವ ಭಾಂಡುಪ್ ಈ ದೃಷ್ಟಿಯಿಂದ ಗಮನಾರ್ಹವಾದುದು. ದ್ವೀಪ ನಗರಕ್ಕೆ ಬೆಸ್ಟ್ ಸಂಸ್ಥೆಯೂ ಉಪನಗರಗಳ ಹೆಚ್ಚಿನ ಭಾಗಕ್ಕೆ ಖಾಸಗಿ ಕಂಪನಿಗಳೂ ವಿದ್ಯುತ್ ಪೂರೈಸಿದರೆ, ಭಾಂಡುಪ್ ಮತ್ತು ಮುಲುಂಡ್‌ಗಳಿಗೆ ರಾಜ್ಯ ಸರ್ಕಾರದ ಮಹಾವಿತರಣ ಕಂಪನಿಯು ಪೂರೈಸುತ್ತದೆ. ಮುಂಬಯಿಗೆ ಕುಡಿಯುವ ನೀರನ್ನು ಶುದ್ಧೀಕರಿಸಿ ಕೊಡುವ ಬೃಹತ್ ಕೇಂದ್ರವೂ ಇಲ್ಲಿಯೇ ಇದೆ. ವಿದ್ಯುತ್ತಿಗೂ ನೀರಿಗೂ ಇರುವ ನಂಟು 2024ರ ಫೆಬ್ರವರಿಯಲ್ಲಿ ನಗರವಾಸಿಗಳ ಅನುಭವಕ್ಕೆ ಬಂದಿತು. ಪಿಸೆಯ ಪಂಪಿಂಗ್ ಕೇಂದ್ರದಲ್ಲಿ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ತಗುಲಿದ ಪರಿಣಾಮವಾಗಿ ನಗರದಲ್ಲಿ ನೀರಿನ ಕಡಿತವನ್ನು ಜಾರಿಗೊಳಿಸಬೇಕಾಯಿತು.

ಉಪಕೇಂದ್ರದ ಉಪಕರಣಗಳಲ್ಲಿ ಅತ್ಯಂತ ಬೆಲೆಬಾಳುವುದು ಟ್ರಾನ್ಸ್‌ಫಾರ್ಮರ್. ಅದರೊಳಗಿನ ತಾಮ್ರದ ಸುರುಳಿಗಳಿಗೆ ಕಾಗದವನ್ನು ಸುತ್ತಿ, ಅವನ್ನು ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಎಣ್ಣೆ ಕೆಟ್ಟರೆ ಸೋಸಬಹುದು, ಬದಲಿಸಲೂಬಹುದು. ಆದರೆ ಕಾಗದ ಜೀರ್ಣವಾದರೆ ಅದನ್ನು ಮೊದಲಿನ ಸ್ಥಿತಿಗೆ ತರುವ ಉಪಾಯವಿಲ್ಲ. ಸಾಮಾನ್ಯ ಕಾಗದದ ವಿಷಯದಲ್ಲಿ, ಉಷ್ಣತೆ ನಿಗದಿತ ಮಟ್ಟವನ್ನು ಮೀರಿ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿದಾಗಲೂ ಅದು ಸವೆಯುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಲಕ್ಷಾಂತರ ವೋಲ್ಟುಗಳನ್ನು ತಾಳುವ ಯಂತ್ರದ ಆಯುಷ್ಯವು ಕೊನೆಗೂ ಕಾಗದವನ್ನೇ ನೆಚ್ಚಿಕೊಂಡಿದೆ ಎಂಬುದು ಸೋಜಿಗದ ಸಂಗತಿಯೇ ಸರಿ.

ಯಂತ್ರವನ್ನು ಬಿಚ್ಚದೆಯೇ ಅದರ ಆರೋಗ್ಯವನ್ನು ತಿಳಿಯಲು ಎಣ್ಣೆಯ ಪರೀಕ್ಷೆ ನೆರವಾಗುತ್ತದೆ. ವೈದ್ಯರು ರಕ್ತವನ್ನು ಪರೀಕ್ಷಿಸುವಂತೆ, ತಂತ್ರಜ್ಞರು ಎಣ್ಣೆಯಲ್ಲಿ ಕರಗಿರುವ ಅನಿಲಗಳನ್ನು ಅಳೆಯುತ್ತಾರೆ. ಅಸೆಟಿಲೀನ್ ಕಂಡುಬಂದರೆ ಒಳಗೆ ವಿದ್ಯುತ್ ಕಿಡಿ ಹಾರಿದೆಯೆಂದೂ, ಎಥಿಲೀನ್ ಹೆಚ್ಚಾದರೆ ಯಾವುದೋ ಭಾಗ ಮಿತಿಮೀರಿ ಕಾದಿದೆಯೆಂದೂ ಊಹಿಸಲಾಗುತ್ತದೆ. ಕಾಗದ ಸವೆದಂತೆ ಫ್ಯೂರಾನ್ ಎಂಬ ಸಂಯುಕ್ತಗಳು ಎಣ್ಣೆಗೆ ಸೇರುತ್ತವೆ. ಇಂತಹ ಪರೀಕ್ಷೆಗಳಿಗೆ 1960ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಹೆಸರಾಗಿದೆ. ದರ ನಿಗದಿಗಾಗಿ ಕೇಂದ್ರೀಯ ವಿದ್ಯುತ್ ನಿಯಂತ್ರಣ ಆಯೋಗವು 2009ರ ನಿಯಮಗಳಲ್ಲಿ ಉಪಕೇಂದ್ರದ ಆಯುಷ್ಯವನ್ನು 25 ವರ್ಷಗಳೆಂದು ಎಣಿಸಿತು. ಆದರೆ ವಯಸ್ಸೊಂದನ್ನೇ ನೋಡಿ ಯಂತ್ರವನ್ನು ಕಿತ್ತುಹಾಕುವುದು ದುಂದು. ಸ್ಥಿತಿಯನ್ನು ನೋಡಿ ನಿರ್ಧರಿಸುವುದೇ ವಿವೇಕ.

ಭಾಂಡುಪ್‌ನ ಪೂರ್ವಕ್ಕೆ ಉಪ್ಪಿನ ಗದ್ದೆಗಳೂ ಠಾಣೆ ಖಾರಿಯೂ ಇವೆ. ಉಪ್ಪು ಬೆರೆತ ತೇವದ ಗಾಳಿಯಿಂದ ಇನ್ಸುಲೇಟರುಗಳ ಮೇಲೆ ತೆಳುವಾದ ಪದರವು ಕಟ್ಟಿಕೊಂಡು, ಅದರ ಮೂಲಕ ವಿದ್ಯುತ್ತು ಸೋರುವ ಅಪಾಯವಿದೆ. ಆದಕಾರಣ ಇಂತಹ ಕರಾವಳಿ ಪ್ರದೇಶಗಳಲ್ಲಿ ಪಿಂಗಾಣಿಯ ಬದಲು ಸಿಲಿಕೋನ್ ರಬ್ಬರಿನ ಇನ್ಸುಲೇಟರುಗಳನ್ನು ಬಳಸುವ ಕ್ರಮವಿದೆ.

ದೋಷ ಸಂಭವಿಸಿದಾಗ ವಿದ್ಯುತ್ತನ್ನು ಕಡಿದುಹಾಕುವುದು ಸರ್ಕಿಟ್ ಬ್ರೇಕರಿನ ಕೆಲಸ. ಅದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಅವಧಿಯಲ್ಲಿ ತೆರೆದುಕೊಳ್ಳಬೇಕು. ಹಳೆಯ ಬ್ರೇಕರಿನ ಸ್ಪ್ರಿಂಗು ಬಿಗಿದುಕೊಂಡು ತಡವಾದರೆ, ಅದರ ಹಿಂದಿನ ಬ್ರೇಕರು ತೆರೆದು ಇಡೀ ಪ್ರದೇಶವೇ ಕತ್ತಲಾಗುತ್ತದೆ. ಎಣ್ಣೆಯಿಂದ ಕಿಡಿಯನ್ನು ನಂದಿಸುತ್ತಿದ್ದ ಹಳೆಯ ಬ್ರೇಕರುಗಳ ಸ್ಥಾನಕ್ಕೆ 33 ಕಿಲೋವೋಲ್ಟಿನವರೆಗೆ ನಿರ್ವಾತ ಬ್ರೇಕರುಗಳೂ, ಅದಕ್ಕೆ ಮೇಲ್ಪಟ್ಟು ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲದ ಬ್ರೇಕರುಗಳೂ ಬಂದಿವೆ. ಈ ಅನಿಲ ಸೋರಿದರೆ ಮಾತ್ರ ಕಾರ್ಬನ್ ಡೈಆಕ್ಸೈಡಿಗಿಂತ ಇಪ್ಪತ್ತಮೂರು ಸಾವಿರ ಪಟ್ಟಿಗೂ ಹೆಚ್ಚು ಭೂತಾಪವನ್ನು ಉಂಟುಮಾಡಬಲ್ಲುದು.

ಬದಲಾವಣೆಯ ಕಾರ್ಯದಲ್ಲಿ ಹಣಕ್ಕಿಂತಲೂ ಕಠಿಣವಾದ ಪ್ರಶ್ನೆಯೊಂದಿದೆ. ಹಳೆಯದನ್ನು ತೆಗೆಯಲು ಆ ಭಾಗವನ್ನು ಸ್ಥಗಿತಗೊಳಿಸಲೇಬೇಕು. ಆ ಅವಧಿಯಲ್ಲಿ ಉಳಿದ ಮಾರ್ಗಗಳು ಎಲ್ಲ ಹೊರೆಯನ್ನೂ ಹೊರಬೇಕು. 2020ರ ಅಕ್ಟೋಬರ್ 12ರಂದು ಕಳವಾ–ಪಡಘಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳಲ್ಲೊಂದು ದುರಸ್ತಿಯಲ್ಲಿದ್ದಾಗ ಇನ್ನೊಂದು ಕೈಕೊಟ್ಟಿತು. ಬೆಳಗಿನ ಸುಮಾರು 10 ಗಂಟೆಗೆ ಮುಂಬಯಿಯ ಉಪನಗರ ರೈಲುಗಳು ನಿಂತಲ್ಲಿಯೇ ನಿಂತವು. ಪೂರೈಕೆಯು ಸಂಪೂರ್ಣವಾಗಿ ಮರಳಲು ಹಲವು ಗಂಟೆಗಳೇ ಹಿಡಿದವು. ಭಾಂಡುಪ್‌ಗೆ ಸಮೀಪದ ವಿಕ್ರೋಲಿಯಲ್ಲಿ 2023ರಲ್ಲಿ ಕಾರ್ಯಾರಂಭ ಮಾಡಿದ 400 ಕಿಲೋವೋಲ್ಟ್ ಉಪಕೇಂದ್ರವು ಖಾರಘರ್ ಕಡೆಯಿಂದ ಮತ್ತೊಂದು ದಾರಿಯನ್ನು ತೆರೆದಿದೆ. ಅದರ ಉಪಕರಣಗಳು ಅನಿಲ ತುಂಬಿದ ಲೋಹದ ಕವಚಗಳಲ್ಲಿರುವುದರಿಂದ ಬಯಲು ಉಪಕೇಂದ್ರಕ್ಕೆ ಬೇಕಾದುದಕ್ಕಿಂತ ಎಷ್ಟೋ ಕಡಿಮೆ ನೆಲ ಸಾಕಾಗುತ್ತದೆ. ಒಂದೊಂದು ಚದರಡಿಗೂ ಬೆಲೆ ಕಟ್ಟುವ ಮುಂಬಯಿಯಲ್ಲಿ ಇದು ಸಣ್ಣ ಲಾಭವೇನಲ್ಲ.

ಕಿತ್ತುಹಾಕಿದ ಟ್ರಾನ್ಸ್‌ಫಾರ್ಮರಿನ ತಾಮ್ರ, ಉಕ್ಕುಗಳು ಮಾರಾಟಕ್ಕೆ ಹೋಗುತ್ತವೆ. ಎಣ್ಣೆಯ ವಿಲೇವಾರಿ ಅಷ್ಟು ಸುಲಭವಲ್ಲ. ಕೆಲವು ಹಳೆಯ ಯಂತ್ರಗಳ ಎಣ್ಣೆಯಲ್ಲಿ ಪಿ.ಸಿ.ಬಿ. ಎಂಬ ವಿಷಕಾರಿ ರಾಸಾಯನಿಕಗಳಿದ್ದು, ಅವು ಮಣ್ಣು ನೀರುಗಳಲ್ಲಿ ದೀರ್ಘಕಾಲ ಉಳಿಯುತ್ತವೆ. ಕೇಂದ್ರ ಸರ್ಕಾರದ 2016ರ ಆದೇಶವು ಇವುಗಳ ಬಳಕೆಯನ್ನು ಪೂರ್ಣವಾಗಿ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವನ್ನು ವಿಧಿಸಿತು. ಅಂತಹ ಎಣ್ಣೆಯನ್ನು ಗುಜರಿಯವರ ಕೈಗೆ ಕೊಡುವಂತಿಲ್ಲ. ಪರೀಕ್ಷಿಸಿ, ಪ್ರತ್ಯೇಕವಾಗಿ ಸಂಗ್ರಹಿಸಿ, ಅದಕ್ಕೆಂದೇ ಇರುವ ಘಟಕಗಳಲ್ಲಿ ನಿರ್ವಿಷಗೊಳಿಸಬೇಕು.