ತೆರೆಯದ ಕಿಟಕಿಯ ಗಾಜು

ಮೋಟಾರು ವಾಹನದಲ್ಲಿ ಕುಳಿತವರ ದೃಷ್ಟಿ ಸಾಮಾನ್ಯವಾಗಿ ಮುಂದಿನ ದೊಡ್ಡ ಗಾಜಿನ ಕಡೆಗೆ ಹೋಗುತ್ತದೆ. ಗಾಳಿ ಬೇಕಾದಾಗ ಬಾಗಿಲಿನ ಗಾಜಿನ ಕಡೆಗೆ ಕೈ ಹೋಗುತ್ತದೆ. ಇವೆರಡೂ ಅಲ್ಲದೆ, ಹಿಂಬದಿಯ ಪಕ್ಕದಲ್ಲಿ ಏರಿಸಲೂ ಇಳಿಸಲೂ ಬಾರದಂತೆ ಕೂರಿಸಿರುವ ಇನ್ನೊಂದು ಗಾಜು ಉಂಟು. ಅದನ್ನು ಯಾರೂ ಗಮನಿಸುವುದಿಲ್ಲ. ಅದು ಒಡೆದ ದಿನವೇ ಅದು ಅಲ್ಲಿತ್ತೆಂಬುದು ನೆನಪಿಗೆ ಬರುವುದು. ಅಂಥ ಗಾಜನ್ನು ಬದಲಾಯಿಸುವ ಕೆಲಸವನ್ನು ಕಳೆದ ರಜೆಯಲ್ಲಿ ಹತ್ತಿರದಿಂದ ನೋಡುವ, ಸ್ವಲ್ಪಮಟ್ಟಿಗೆ ಕೈಯಿಂದ ಮಾಡುವ ಸಂದರ್ಭ ನನಗೆ ಒದಗಿತು. ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ಮಿತ್ರರು ನಗಬಹುದು. ಪೂರ್ತಿ ಓದಿದ ಮೇಲೆ ನಗಲಿ ಎಂದು ಬಿನ್ನಹ.

ಈ ಕಿಟಕಿಯನ್ನು ತೆರೆಯದಂತೆ ಮಾಡಿರುವುದೇಕೆ? ಬಾಗಿಲಿನ ಗಾಜು ಇಳಿಯಬೇಕಾದರೆ ಅದರ ಕೆಳಗೆ, ತಗಡಿನ ಎರಡು ಪದರಗಳ ನಡುವೆ, ಗಾಜಿನಷ್ಟೇ ಎತ್ತರದ ಜಾಗ ಇರಬೇಕು. ಹಿಂದಿನ ಚಕ್ರದ ಮೇಲಿನ ಕಮಾನು ಆ ಜಾಗವನ್ನು ಆಕ್ರಮಿಸಿಕೊಂಡಿರುತ್ತದೆ. ಆದುದರಿಂದಲೇ ಅನೇಕ ಕಾರುಗಳ ಹಿಂಬಾಗಿಲಿನಲ್ಲಿ ಗಾಜನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಇಳಿಯುವಂತೆಯೂ ಮೂಲೆಯ ಚಿಕ್ಕದನ್ನು ಅಲುಗಾಡದಂತೆಯೂ ಇಡುತ್ತಾರೆ. ನಮ್ಮ ಊರುಗಳಲ್ಲಿ ಎಲ್ಲರಿಗೂ ಪರಿಚಿತವಾದ ಮಾರುತಿ ಓಮ್ನಿಯಲ್ಲಾದರೋ ಹಿಂಚಕ್ರದ ಮೇಲೆ ಬಾಗಿಲೇ ಇಲ್ಲ. ಅಲ್ಲಿ ಅಗಲವಾದ ಗಾಜೊಂದನ್ನು ರಬ್ಬರಿನ ಪಟ್ಟಿಯಲ್ಲಿ ಕೂರಿಸಿರುತ್ತಾರೆ. 1984ರಲ್ಲಿ ಮಾರುತಿ ವ್ಯಾನು ಎಂಬ ಹೆಸರಿನಿಂದ ಹೊರಬಂದ ಈ ವಾಹನದ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೂ ಹಳೆಯ ಓಮ್ನಿಗಳು ಸಂತೆಗೂ ಶಾಲೆಗೂ ಆಸ್ಪತ್ರೆಗೂ ಇನ್ನೂ ಓಡುತ್ತಲೇ ಇವೆ.

ಅಂಥ ಒಂದು ವ್ಯಾನು ನನ್ನ ಸೋದರಮಾವನ ಜೀವನಾಧಾರ. ಬೆಳಿಗ್ಗೆ ಮತ್ತು ಸಂಜೆ ನಾಲ್ಕಾರು ಮಕ್ಕಳನ್ನು ಶಾಲೆಗೆ ಕರೆದೊಯ್ದು ಕರೆತರುವುದು, ನಡುವೆ ಸಿಕ್ಕ ಬಾಡಿಗೆ ಹೊಡೆಯುವುದು ಅವರ ಕೆಲಸ. ಒಂದು ದಿನ ರಸ್ತೆಯ ಬದಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದ ಯಂತ್ರದಿಂದ ಹುಣಿಸೆ ಬೀಜದಷ್ಟು ಚಿಕ್ಕ ಕಲ್ಲೊಂದು ಚಿಮ್ಮಿ ಎಡಬದಿಯ ಹಿಂಗಾಜಿಗೆ ಬಡಿಯಿತು. ಗಾಜಿಡೀ ಒಂದು ಕ್ಷಣದಲ್ಲಿ ಕಲ್ಲುಸಕ್ಕರೆಯಂತೆ ಪುಡಿಯಾಗಿ ಸೀಟಿನ ಮೇಲೆ ಸುರಿಯಿತು. ಪುಣ್ಯಕ್ಕೆ ವ್ಯಾನಿನಲ್ಲಿ ಆಗ ಮಕ್ಕಳಿರಲಿಲ್ಲ.

ಸರಿಯಾದ ಗಾಜು ನಗರದಿಂದ ಬರಬೇಕು. ಎರಡು ದಿನ ಹಿಡಿಯುತ್ತದೆ ಎಂದು ತಿಳಿಯಿತು. ಎರಡು ದಿನ ವ್ಯಾನು ನಿಂತರೆ ಮಕ್ಕಳ ತಂದೆತಾಯಿಯರು ಬೇರೆ ಗಾಡಿ ನೋಡಿಕೊಂಡಾರು. ತಿಂಗಳ ಕಂತು ಕಟ್ಟುವ ದಿನವೂ ಸಮೀಪಿಸಿತ್ತು. ಪಟಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅದೇ ಅಳತೆಯ ಗಾಜನ್ನು ಸಂಜೆಯೊಳಗೆ ಕೊಯ್ದು ಕೊಡುವುದಾಗಿಯೂ, ಬೆಲೆ ಬಹಳ ಕಡಿಮೆಯೆಂದೂ ಹೇಳಿದರು. ಮಾವ ಅದಕ್ಕೆ ಒಪ್ಪಿದರು. ನಾನೂ ಅವರ ಪಕ್ಷವನ್ನೇ ವಹಿಸಿದೆ. ಗಾಜೆಂದರೆ ಗಾಜು, ಬೆಳಕು ಬಿಟ್ಟು ಮಳೆ ತಡೆದರೆ ಸಾಲದೆ ಎಂಬುದು ನನ್ನ ತರ್ಕವಾಗಿತ್ತು.

ಗ್ಯಾರೇಜಿನ ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. ಸೀಟಿನ ಮೇಲಿದ್ದ ಗಾಜಿನ ಹರಳೊಂದನ್ನು ಎತ್ತಿ ಅಂಗೈಯಲ್ಲಿಟ್ಟು ಮೆಲ್ಲನೆ ಮುಷ್ಟಿ ಬಿಗಿದು ತೋರಿಸಿದರು. ಕೈಗೆ ಏನೂ ಆಗಲಿಲ್ಲ. ಬಳಿಕ ಮೂಲೆಯಲ್ಲಿದ್ದ ಮನೆಗಾಜಿನ ಚೂರೊಂದನ್ನು ತೋರಿಸಿ, “ಇದನ್ನು ಹಾಗೆ ಹಿಡಿಯೋಕೆ ಆಗುತ್ತಾ ಅಣ್ಣಾ? ಆ ಸೀಟಲ್ಲಿ ಯಾರು ಕೂರ್ತಾರೆ, ಅದನ್ನು ಹೇಳಿ” ಎಂದರು. ಆ ಸೀಟಿನಲ್ಲಿ ಕೂರುವುದು ಒಂದನೆಯ ತರಗತಿಯ ಹುಡುಗಿ. ಸಂಜೆ ಬರುವಾಗ ಅವಳು ಆ ಗಾಜಿಗೇ ತಲೆ ಒರಗಿಸಿ ನಿದ್ದೆ ಹೋಗುತ್ತಾಳೆ. ಮಾವ ಮತ್ತೆ ಮಾತಾಡಲಿಲ್ಲ. ನಗರದ ಗಾಜಿಗೇ ಹೇಳಿಕಳಿಸಿದರು.

ಮೇಸ್ತ್ರಿಯವರ ಮುಷ್ಟಿಯಲ್ಲಿದ್ದ ಆ ಸತ್ಯದ ಹಿಂದೆ ಒಂದು ದೀರ್ಘವಾದ ಚರಿತ್ರೆ ಇದೆ. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಗೊದಮೊಟ್ಟೆಯ ಆಕಾರದ ತುಂಡೊಂದು ಸಿಗುತ್ತದೆ. ಅದರ ದಪ್ಪ ತಲೆ ಸುತ್ತಿಗೆಯ ಪೆಟ್ಟನ್ನೂ ತಾಳಿಕೊಳ್ಳುತ್ತದೆ. ಆದರೆ ಸಣ್ಣ ಬಾಲವನ್ನು ಮುರಿದರೆ ಇಡೀ ಹನಿ ಪುಡಿಪುಡಿಯಾಗುತ್ತದೆ. 1660ರಲ್ಲಿ ರೂಪರ್ಟ್ ಎಂಬ ರಾಜಕುಮಾರನು ಇಂಥ ಹನಿಗಳನ್ನು ಇಂಗ್ಲೆಂಡಿಗೆ ತಂದನು. ದೊರೆ ಎರಡನೆಯ ಚಾರ್ಲ್ಸನು ಅವುಗಳನ್ನು ಪರೀಕ್ಷೆಗಾಗಿ ರಾಯಲ್ ಸೊಸೈಟಿಯ ವಿದ್ವಾಂಸರಿಗೆ ಒಪ್ಪಿಸಿದನು. ಇದೇ ಗುಣವನ್ನು ಉಪಯೋಗಕ್ಕೆ ತಂದು ಗಾಜನ್ನು ಹದಗೊಳಿಸುವ ವಿಧಾನಕ್ಕೆ ಫ್ರಾನ್ಸಿನ ಡ ಲ ಬಾಸ್ತಿ ಎಂಬಾತನು 1874ರಲ್ಲಿ ಹಕ್ಕುಪತ್ರ ಪಡೆದನು.

ಇಂದು ಕಾರಿನ ಪಕ್ಕದ ಗಾಜುಗಳಲ್ಲಿ ಹೆಚ್ಚಿನವು ಹದಗೊಳಿಸಿದವು. ಗಾಜನ್ನು ಮೊದಲು ಬೇಕಾದ ಆಕಾರಕ್ಕೆ ಕೊಯ್ದು, 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟು ಕಾಯಿಸಿ, ಎರಡೂ ಕಡೆಯಿಂದ ತಂಪು ಗಾಳಿಯನ್ನು ರಭಸವಾಗಿ ಊದುತ್ತಾರೆ. ಹೊರಮೈ ಬೇಗ ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ಆರಿ ಕುಗ್ಗುತ್ತ ಗಟ್ಟಿಯಾದ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಮೈಯಲ್ಲಿ ಒತ್ತಡವೂ ಒಳಗೆ ಎಳೆತವೂ ಶಾಶ್ವತವಾಗಿ ಉಳಿಯುತ್ತವೆ. ಇದರಿಂದ ಗಾಜಿನ ಬಲ ಸಾಧಾರಣ ಗಾಜಿನ ನಾಲ್ಕರಷ್ಟಾಗುತ್ತದೆ. ಆದರೆ ಚೂಪಾದ ವಸ್ತುವೊಂದು ಹೊರಮೈಯನ್ನು ಭೇದಿಸಿ ಒಳಗಿನ ಎಳೆತದ ಪದರವನ್ನು ಮುಟ್ಟಿತೆಂದರೆ, ಬಂಧಿತವಾಗಿದ್ದ ಶಕ್ತಿಯೆಲ್ಲ ಬಿಡುಗಡೆಯಾಗಿ ಗಾಜು ಸಣ್ಣ ಹರಳುಗಳಾಗಿ ಉದುರುತ್ತದೆ. ಹರಳು ಚರ್ಮವನ್ನು ಗೀರಬಹುದು. ಉದ್ದನೆಯ ಚೂರಿಯಂತೆ ಒಳಹೊಗುವುದು ಅಪರೂಪ. ಹದಗೊಳಿಸಿದ ಮೇಲೆ ಈ ಗಾಜನ್ನು ಕೊಯ್ಯಲೂ ತೂತು ಮಾಡಲೂ ಆಗದಿರುವುದಕ್ಕೆ ಇದೇ ಕಾರಣ. ಪಟದ ಅಂಗಡಿಯವರು ಅದೇ ದಿನ ಕೊಯ್ದು ಕೊಡುವ ಗಾಜು ಹದಗೊಳಿಸಿದ್ದಲ್ಲವೆಂಬುದು ಇಷ್ಟರಿಂದಲೇ ಸ್ಪಷ್ಟ.

ಮುಂದಿನ ಗಾಜಿನ ರೀತಿ ಬೇರೆ. ಅಲ್ಲಿ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಪದರವನ್ನು ಬೆಸೆದಿರುತ್ತಾರೆ. ಒಡೆದರೂ ಚೂರುಗಳು ಪದರಕ್ಕೆ ಅಂಟಿ ನಿಲ್ಲುತ್ತವೆ. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮವು ವಾಹನದ ಕಿಟಕಿಗಳಿಗೆಲ್ಲ ಸುರಕ್ಷಾ ಗಾಜನ್ನಾಗಲಿ ಸುರಕ್ಷಾ ಗ್ಲೇಜಿಂಗನ್ನಾಗಲಿ ಹಾಕಬೇಕೆಂದು ವಿಧಿಸುತ್ತದೆ. ಪಕ್ಕದ ಗಾಜಿನ ಮೂಲಕ ಶೇಕಡಾ 50ಕ್ಕೆ ಕಡಿಮೆಯಿಲ್ಲದಷ್ಟು ಬೆಳಕು ಹಾಯಬೇಕೆಂದೂ ಹೇಳುತ್ತದೆ. ಗಾಜು ಕೊಳ್ಳುವಾಗ ಅದರ ಮೂಲೆಯಲ್ಲಿ ಅಚ್ಚಾಗಿರುವ ಐ.ಎಸ್. 2553 ಎಂಬ ಸಂಖ್ಯೆಯನ್ನು ನೋಡಬೇಕು. ಅದು ಭಾರತೀಯ ಮಾನಕದ ಗುರುತು.

ಇನ್ನು ಕೆಲಸದ ಕ್ರಮ. ಮೊದಲನೆಯದು ಶುಚಿ ಮಾಡುವುದು. ಕೈಗೆ ದಪ್ಪ ಗವುಸು, ಕಣ್ಣಿಗೆ ಕನ್ನಡಕ ಅವಶ್ಯ. ಹರಳುಗಳು ಸೀಟಿನ ಸಂದಿಯಲ್ಲಿ ಮಾತ್ರವಲ್ಲದೆ ತಗಡಿನ ಪದರಗಳ ಒಳಗೂ ಬಿದ್ದಿರುತ್ತವೆ. ಹೀರುವ ಯಂತ್ರದಿಂದ ಅವನ್ನು ತೆಗೆಯದಿದ್ದರೆ ತಿಂಗಳುಗಟ್ಟಲೆ ಗಲಗಲ ಸದ್ದು ಕೇಳಿಸುವುದಲ್ಲದೆ, ಮಕ್ಕಳ ಕೈಗೂ ಸಿಗುತ್ತವೆ.

ಎರಡನೆಯದಾಗಿ, ಹಳೆಯ ರಬ್ಬರನ್ನು ಕಳಚಿ ಕಿಟಕಿಯ ಸುತ್ತಲಿನ ತಗಡಿನ ಅಂಚನ್ನು ಪರೀಕ್ಷಿಸಬೇಕು. ನಮ್ಮ ವ್ಯಾನಿನಲ್ಲಿ ಕೆಳಗಿನ ಅಂಚು ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು. ರಬ್ಬರಿನ ಕೆಳಗೆ ನಿಂತ ನೀರು ಕಾಣದಂತೆ ಕೆಲಸ ಮಾಡಿತ್ತು. ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರ್ ಬಳಿದು, ಅದರ ಮೇಲೆ ಬಣ್ಣ ಹಚ್ಚಿ, ಪೂರಾ ಒಣಗಲು ಬಿಟ್ಟೆವು. ಗಾಜಿಗಾಗಿ ಕಾಯಬೇಕಾಗಿ ಬಂದ ಎರಡು ದಿನಗಳು ಈ ಕೆಲಸಕ್ಕೆ ಸರಿಹೋದುವು. ತುಕ್ಕಿನ ಮೇಲೆಯೇ ಹೊಸ ರಬ್ಬರು ಕೂರಿಸಿದ್ದರೆ ನೀರು ಸೋರುವುದು ತಪ್ಪುತ್ತಿರಲಿಲ್ಲ.

ಮೂರನೆಯದು ಗಾಜನ್ನು ಕೂರಿಸುವುದು. ಇಡೀ ಕೆಲಸದ ಜಾಣ್ಮೆಯೆಲ್ಲ ಇಲ್ಲಿದೆ. ರಬ್ಬರಿನ ಪಟ್ಟಿ ಬಳೆಯಂತೆ ಒಂದೇ ಸುತ್ತಾಗಿರುತ್ತದೆ. ಅದರ ಉದ್ದಕ್ಕೂ ಎರಡು ಕಾಲುವೆಗಳಿವೆ: ಒಂದು ಗಾಜಿನ ಅಂಚನ್ನೂ ಇನ್ನೊಂದು ತಗಡಿನ ಅಂಚನ್ನೂ ಹಿಡಿದುಕೊಳ್ಳುತ್ತದೆ. ಮೊದಲು ಗಾಜಿಗೆ ರಬ್ಬರನ್ನು ಸುತ್ತಲೂ ತೊಡಿಸಬೇಕು. ಬಳಿಕ ತಗಡು ಕೂರುವ ಕಾಲುವೆಯೊಳಗೆ ಗಟ್ಟಿಯಾದ ನೈಲಾನ್ ಹುರಿಯನ್ನು ಸುತ್ತಲೂ ಇಟ್ಟು, ಅದರ ಎರಡು ತುದಿಗಳು ಕೆಳಗಿನ ನಡುಭಾಗದಲ್ಲಿ ಗೇಣುದ್ದ ಒಂದರ ಮೇಲೊಂದು ಹಾಯುವಂತೆ ಮಾಡಿ ವಾಹನದ ಒಳಬದಿಗೆ ಇಳಿಬಿಡಬೇಕು. ಜಾರುವುದಕ್ಕಾಗಿ ಸೋಪಿನ ನೀರು ಹಚ್ಚಬೇಕು. ಎಂಜಿನ್ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಕೂಡದು. ಅವುಗಳಿಂದ ರಬ್ಬರು ಉಬ್ಬಿ ಕೆಡುತ್ತದೆ.

ಈಗ ಇಬ್ಬರು ಬೇಕು. ಹೊರಗಿನವನು ಗಾಜನ್ನು ಕಿಟಕಿಗೆ ಸಮನಾಗಿ ಹಿಡಿದು ಅಂಗೈಯಿಂದ ಒತ್ತುತ್ತಿರುತ್ತಾನೆ. ಒಳಗಿನವನು ಹುರಿಯ ಒಂದು ತುದಿಯನ್ನು ಎಳೆಯುತ್ತ ಹೋದಂತೆ ರಬ್ಬರಿನ ಒಳತುಟಿ ಮಗುಚಿ ತಗಡಿನ ಮೇಲೆ ಏರಿ ಕೂರುತ್ತದೆ. ಕೆಳಗಿನಿಂದ ಆರಂಭಿಸಿ, ಪಕ್ಕಗಳನ್ನು ಮುಗಿಸಿ, ಕೊನೆಗೆ ಮೇಲಂಚಿಗೆ ಬರಬೇಕು. ಹುರಿ ಬಿಡುತ್ತಿರುವ ಸ್ಥಳದಲ್ಲಿಯೇ ಹೊರಗಿನವನ ಅಂಗೈಯೂ ಇರಬೇಕು.

ಒಳಗೆ ಕುಳಿತು ಹುರಿ ಎಳೆಯುವ ಕೆಲಸವನ್ನು ಮೇಸ್ತ್ರಿ ನನಗೆ ಕೊಟ್ಟರು. ನಾನು ಬಲವೇ ಮುಖ್ಯವೆಂದು ತಿಳಿದು ಹುರಿಯನ್ನು ನೇರವಾಗಿ ನನ್ನ ಎದೆಯ ಕಡೆಗೆ ಸೆಳೆದೆ. ಹುರಿ ಕೈಗೆ ಬಂತು. ತುಟಿ ಇದ್ದಲ್ಲಿಯೇ ಉಳಿಯಿತು. ಗಾಜನ್ನು ಮತ್ತೆ ಇಳಿಸಿ, ಹುರಿಯನ್ನು ಮತ್ತೆ ಸುತ್ತಬೇಕಾಯಿತು. “ಬಾವಿಯಿಂದ ಕೊಡ ಸೇದುತ್ತಿಲ್ಲ ತಮ್ಮಾ. ಗಾಜಿನ ನಡುವಿನ ಕಡೆಗೆ ಎಳಿ, ಗಾಜಿಗೆ ಒರಗಿಸಿಕೊಂಡು ಎಳಿ” ಎಂದರು ಮೇಸ್ತ್ರಿ. ಹಾಗೆ ಎಳೆದಾಗ ಹುರಿ ತುಟಿಯನ್ನು ತಗಡಿನ ಅಂಚಿನ ಮೇಲಿಂದ ಎತ್ತಿ ದಾಟಿಸಿತು. ಬಲ ಎಷ್ಟು ಎಂಬುದಕ್ಕಿಂತ ಯಾವ ದಿಕ್ಕಿಗೆ ಎಂಬುದು ದೊಡ್ಡದೆಂದು ಅಲ್ಲಿ ಕಲಿತೆ. ಇನ್ನೊಂದು ಎಚ್ಚರಿಕೆ: ಗಾಜನ್ನು ಅಂಚಿನಲ್ಲಿ ಗುದ್ದಬಾರದು. ಹದಗೊಳಿಸಿದ ಗಾಜಿನ ನಡುಭಾಗ ಎಷ್ಟೇ ಗಟ್ಟಿಯಾದರೂ ಅಂಚು ಅದರ ಮರ್ಮಸ್ಥಾನ.

ಈಚಿನ ಅನೇಕ ಕಾರುಗಳಲ್ಲಿ ರಬ್ಬರಿನ ಪಟ್ಟಿಯ ಬದಲು ಪಾಲಿಯುರಿಥೇನ್ ಎಂಬ ಅಂಟಿನಿಂದ ಗಾಜನ್ನು ನೇರವಾಗಿ ತಗಡಿಗೆ ಅಂಟಿಸಿರುತ್ತಾರೆ. ಅಲ್ಲಿ ಹಳೆಯ ಅಂಟನ್ನು ತಂತಿಯಿಂದಲೋ ಅಲಗಿನಿಂದಲೋ ಕೊಯ್ದು, ತೆಳುವಾದ ಒಂದು ಪದರವನ್ನು ಮಾತ್ರ ಉಳಿಸಿ, ಗೀರುಬಿದ್ದ ತಗಡಿಗೂ ಹೊಸ ಗಾಜಿಗೂ ಪ್ರೈಮರ್ ಹಚ್ಚಿ, ಹೊಸ ಅಂಟನ್ನು ಎಲ್ಲಿಯೂ ಕಡಿಯದಂತೆ ಸುತ್ತಲೂ ಎಳೆದು ಗಾಜನ್ನು ಒತ್ತುತ್ತಾರೆ. ಇಂಥ ಗಾಜಿನ ಅಂಚಿನಲ್ಲಿರುವ ಕಪ್ಪು ಪಟ್ಟಿ ಬರಿಯ ಅಲಂಕಾರವಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಂದ ಅಂಟು ಹಾಳಾಗದಂತೆ ಅದು ಕಾಪಾಡುತ್ತದೆ. ಈ ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ತಯಾರಕರು ಹೇಳಿದಷ್ಟು ಹೊತ್ತು ಕಳೆಯುವ ಮುನ್ನ ವಾಹನವನ್ನು ಓಡಿಸಬಾರದು. ಇದರ ಬದಲು ಸ್ನಾನದ ಮನೆಗೆ ಬಳಸುವ ಸಿಲಿಕೋನನ್ನು ಹಚ್ಚುವುದು ಸಲ್ಲದು. ವಿನೆಗರಿನ ವಾಸನೆ ಬರುವ ಸಿಲಿಕೋನಿನ ಆಮ್ಲ ತಗಡಿಗೆ ತುಕ್ಕು ತರುತ್ತದೆ. ಅದು ಬಳಿದ ಜಾಗಕ್ಕೆ ಮುಂದೆ ಸರಿಯಾದ ಅಂಟು ಹಿಡಿಯುವುದೂ ಕಷ್ಟ.

ಕೊನೆಯದು ನೀರಿನ ಪರೀಕ್ಷೆ. ಒಬ್ಬನು ಒಳಗೆ ಕುಳಿತು ನೋಡುತ್ತಿರಬೇಕು. ಹೊರಗಿನಿಂದ ಕೊಳವೆಯ ನೀರನ್ನು ಮೆಲ್ಲಗೆ, ಕೆಳಗಿನ ಅಂಚಿನಿಂದ ತೊಡಗಿ ಮೇಲಕ್ಕೆ ಬಿಡುತ್ತ ಬರಬೇಕು. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲೆಡೆಯೂ ಹರಿದು, ಸೋರುವ ಸ್ಥಳ ಯಾವುದೆಂದು ತಿಳಿಯುವುದಿಲ್ಲ. ನಮ್ಮ ವ್ಯಾನಿನಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಾವನ ಜೊತೆಯಲ್ಲಿ ನಾನೂ ಶಾಲೆಯವರೆಗೆ ಹೋದೆ. ಎರಡು ದಿನದ ಸಂಪಾದನೆ ಹೋಗಿತ್ತು. ಒಂದು ಮಗುವಿನ ಮನೆಯವರು ಬೇರೆ ಗಾಡಿ ಗೊತ್ತುಮಾಡಿಕೊಂಡಿದ್ದರು. ಆ ಚಿಕ್ಕ ಹುಡುಗಿ ತನ್ನ ಸ್ಥಾನದಲ್ಲಿ ಕುಳಿತು, ಹೊಸ ಗಾಜಿನ ಮೇಲೆ ಉಸಿರು ಊದಿ, ಬೆರಳಿನಿಂದ ತನ್ನ ಹೆಸರು ಬರೆದಳು. ಪಟದ ಅಂಗಡಿಯ ಗಾಜಾಗಿದ್ದರೂ ಅವಳು ಹಾಗೆಯೇ ಬರೆಯುತ್ತಿದ್ದಳು. ಎರಡು ಗಾಜುಗಳಿಗಿರುವ ವ್ಯತ್ಯಾಸ ಅವಳಿಗೆ ತಿಳಿಯುವಂತಿರಲಿಲ್ಲ. ಅವಳಿಗೆ ತಿಳಿಯದು ಎಂಬ ಕಾರಣಕ್ಕಾಗಿಯೇ ಅದು ನಮಗೆ ತಿಳಿದಿರಬೇಕು. ಮೂರು ವರ್ಷ ಕಾಲೇಜಿನಲ್ಲಿ ಓದಿದ ನಾನು ಆ ದಿನ ತಪ್ಪು ಪಕ್ಷದಲ್ಲಿ ನಿಂತಿದ್ದೆ. ಸರಿಯಾದ ಪ್ರಶ್ನೆಯನ್ನು ಕೇಳಿದವರು ಮೇಸ್ತ್ರಿ. ವಸ್ತುವಿನ ಬೆಲೆ ಎಷ್ಟು ಎಂದು ಕೇಳುವ ಮೊದಲು ಅದರ ಪಕ್ಕದಲ್ಲಿ ಕೂರುವವರು ಯಾರು ಎಂದು ಕೇಳುವುದನ್ನು ನಾವು ರೂಢಿಸಿಕೊಂಡರೆ, ನಮ್ಮ ವಿದ್ಯೆಗೂ ಅಷ್ಟರಮಟ್ಟಿಗೆ ಸಾರ್ಥಕ್ಯ ಬಂದೀತು.