ಕೂತಲ್ಲೇ ಹತ್ತಿರ ತರುವ ಮಸೂರ, ಎದ್ದು ನಡೆಸುವ ಮಸೂರ

ಆದವಾನಿ, ಕೌತಾಳಂ, ಹೊಳಗುಂದ ಸೀಮೆಯ ಹಳೆಯ ಮನೆಗಳ ಪಡಸಾಲೆಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಗೋಡೆಯ ಕಡೆಗೆ. ತೊಲೆಯ ಕೆಳಗೆ, ತುಸು ಮುಂದಕ್ಕೆ ಬಾಗಿದಂತೆ, ಸಾಲಾಗಿ ತೂಗಿದ ಚೌಕಟ್ಟುಗಳು. ಅವುಗಳೊಳಗೆ ರುಮಾಲು ಸುತ್ತಿದ ಅಜ್ಜ, ಮೂಗುತಿಯ ಅಜ್ಜಿ, ಮದುವೆಯ ಬಾಸಿಂಗ ಕಟ್ಟಿಕೊಂಡ ದೊಡ್ಡಪ್ಪ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರುವುದಕ್ಕೆ ಮುಂಚಿನ ಚಿತ್ರಗಳೂ ಕೆಲವು ಮನೆಗಳಲ್ಲಿ ಇನ್ನೂ ಉಳಿದಿವೆ. ಅವುಗಳಲ್ಲಿ ಯಾವುದೂ ಝೂಮ್ ಮಸೂರದಿಂದ ತೆಗೆದುದಲ್ಲ. ಆಗ ಸ್ಥಿರಚಿತ್ರದ ಕ್ಯಾಮೆರಾಗಳಿಗೆ ಅಂತಹ ಮಸೂರ ಮಾರುಕಟ್ಟೆಗೇ ಬಂದಿರಲಿಲ್ಲ. ಜರ್ಮನಿಯ ಫೋಕ್ಟ್‌ಲೆಂಡರ್ ಕಂಪನಿಯ 'ಝೂಮಾರ್' ಬಂದದ್ದು 1959ರಲ್ಲಿ. ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿದ ಛಾಯಾಗ್ರಾಹಕನು ಚಿತ್ರ ದೊಡ್ಡದಾಗಬೇಕಾದರೆ ಮುಕ್ಕಾಲಿಯನ್ನೇ ಎತ್ತಿ ಮುಂದಿಡುತ್ತಿದ್ದನು.

ಈ ವಿಚಾರ ಮನಸ್ಸಿಗೆ ಬರಲು ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವನು ಯುಗಾದಿಗೆ ಊರಿಗೆ ಬಂದಾಗ ನನ್ನ ಮನೆಗೂ ಬಂದನು. ಕೊರಳಲ್ಲಿ ಹೊಸ ಕ್ಯಾಮೆರಾ, ಕೈಯಲ್ಲಿ ನಲವತ್ತು ಸಾವಿರ ರೂಪಾಯಿಯ ಉಳಿತಾಯ. "ಸಾರ್, ಹದಿನೆಂಟರಿಂದ ಮುನ್ನೂರರ ತನಕ ಹೋಗೋ ಒಂದೇ ಝೂಮ್ ತಗೊಳ್ಲೋ, ಇಲ್ಲಾ ಮೂವತ್ತೈದು, ಎಂಬತ್ತೈದು ಅಂತ ಎರಡು ಪ್ರೈಮ್ ತಗೊಳ್ಲೋ? ನೀವು ಹೇಳಿದ್ದೇ ಅಂತಿಮ" ಎಂದನು. ಎಂಟು ವರ್ಷ ಶಾಲೆಯಲ್ಲಿ ನನ್ನ ಮಾತು ಕೇಳದಿದ್ದವನು ಈಗ ಹೀಗೆಂದಾಗ ಹೆದರಿಕೆಯೇ ಆಯಿತು. ಅದೇ ಪ್ರಶ್ನೆ ನಮ್ಮ ಓದುಗರ ಅನೇಕ ಮನೆಗಳಲ್ಲಿ ಎದ್ದಿರಬಹುದೆಂದು ನನ್ನ ಅಲ್ಪ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಆ ಅಂಕಿಗಳ ಅರ್ಥ. ಶಾಲೆಯ ವಿಜ್ಞಾನದ ಪೆಟ್ಟಿಗೆಯಲ್ಲಿರುವ ಪೀನ ಮಸೂರವನ್ನು ಕಿಟಕಿಯ ಎದುರಿನ ಗೋಡೆಯ ಬಳಿ ಹಿಡಿದು ನಿಧಾನವಾಗಿ ಹಿಂದೆ ಮುಂದೆ ಸರಿಸಿದರೆ, ಹೊರಗಿನ ಬೇವಿನ ಮರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಆಗ ಮಸೂರಕ್ಕೂ ಗೋಡೆಗೂ ಇರುವ ಅಂತರವೇ ಸುಮಾರಾಗಿ ಅದರ ಸಂಗಮದೂರ. ಸಂಗಮದೂರ ಹೆಚ್ಚಿದಷ್ಟೂ ಮೂಡುವ ಮರ ದೊಡ್ಡದು, ಕಾಣುವ ನೋಟ ಕಿರಿದು. ಅಂಗಡಿಯವರು 'ಪ್ರೈಮ್' ಎನ್ನುವ ಸ್ಥಿರ ಮಸೂರಕ್ಕೆ ಈ ದೂರ ಒಂದೇ. ಝೂಮಿನಲ್ಲಿ ಒಳಗಿನ ಗಾಜುಗಳು ಸರಿದಾಡಿ ಅದನ್ನು ಬದಲಿಸುತ್ತವೆ. ಸಾಮಾನ್ಯ 50 ಮಿ.ಮೀ. ಮಸೂರದಲ್ಲಿ ಆರೇಳು ಗಾಜುಗಳಿದ್ದರೆ, ದೊಡ್ಡ ವ್ಯಾಪ್ತಿಯ ಝೂಮಿನಲ್ಲಿ ಹದಿನೈದಕ್ಕೂ ಹೆಚ್ಚು ಇರುವುದುಂಟು. ಎಲ್ಲ ಊರಿಗೂ ಹೋಗಬೇಕಾದ ಬಸ್ಸಿನಂತೆ ಅದು ಎಲ್ಲಿಯೂ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ.

ಇಲ್ಲಿ ಬಹುಮಂದಿ ಎಡವುವ ಒಂದು ಮಾತಿದೆ. ಝೂಮ್ ತಿರುಗಿಸುವುದೂ ಹತ್ತಿರ ಹೋಗುವುದೂ ಒಂದೇ ಎಂದು ತಿಳಿಯುತ್ತಾರೆ, ಅದು ತಪ್ಪು. ಎರಡು ಸೀಮೆಸುಣ್ಣದ ಕಡ್ಡಿಗಳನ್ನು ಮೇಜಿನ ಮೇಲೆ ಒಂದರ ಹಿಂದೆ ಒಂದರಂತೆ, ಒಂದು ಅಡಿಯ ಅಂತರದಲ್ಲಿ ನಿಲ್ಲಿಸಿರಿ. ಮುಂದಿನ ಕಡ್ಡಿಯಿಂದ ಒಂದು ಅಡಿ ದೂರದಲ್ಲಿ ಒಂದೇ ಕಣ್ಣಿನಿಂದ ನೋಡಿದರೆ ಹಿಂದಿನದು ಮುಂದಿನದರ ಅರ್ಧದಷ್ಟು ಕಾಣುತ್ತದೆ. ಹತ್ತು ಅಡಿ ಹಿಂದೆ ಸರಿದರೆ ಹತ್ತಕ್ಕೆ ಹನ್ನೊಂದರ ಲೆಕ್ಕ. ಎರಡೂ ಹೆಚ್ಚುಕಡಿಮೆ ಸಮ. ಈ ಪ್ರಮಾಣವನ್ನು ನಿರ್ಧರಿಸುವುದು ನಾವು ನಿಂತ ಜಾಗ. ಮಸೂರವು ಆ ಜಾಗದಿಂದ ಕಾಣುವುದರಲ್ಲಿ ಎಷ್ಟು ಭಾಗವನ್ನು ಚೌಕಟ್ಟಿನೊಳಗೆ ಸೇರಿಸಬೇಕೆಂಬುದನ್ನಷ್ಟೇ ಹೇಳುತ್ತದೆ.

ಇದನ್ನು ನಾನು ಕಲಿತದ್ದು ಶಾಲೆಯ ಗುಂಪುಚಿತ್ರದಿಂದ. ಅಂಗಳ ಚಿಕ್ಕದೆಂದು ಹತ್ತಿರವೇ ನಿಂತು ಝೂಮನ್ನು 18ಕ್ಕೆ ತಿರುಗಿಸಿದೆ. ಎಲ್ಲರೂ ಚೌಕಟ್ಟಿನಲ್ಲಿ ಹಿಡಿದರು. ಆದರೆ ಕುರ್ಚಿಯಲ್ಲಿ ಕುಳಿತ ಅಧ್ಯಾಪಕರು ಭೀಮಸೇನರಾಗಿ, ಹಿಂದಿನ ಸಾಲಿನ ಮಕ್ಕಳು ಗೊಂಬೆಗಳಾಗಿ, ಎರಡೂ ತುದಿಯ ಹುಡುಗರ ಮುಖಗಳು ಕುಂಬಳಕಾಯಿಯಂತೆ ಅಗಲವಾಗಿ ಬಂದವು. "ನನ್ನ ಮಗನ ಮುಖ ಹಿಂಗಿಲ್ಲ ಸಾರ್" ಎಂದು ಒಬ್ಬ ತಾಯಿ ಚಿತ್ರವನ್ನು ಹಿಂದಕ್ಕೆ ಕೊಟ್ಟಳು. ಮರುವರ್ಷ ಮಕ್ಕಳನ್ನು ರಸ್ತೆಯಾಚೆಯ ಬಯಲಿಗೆ ಕರೆದೊಯ್ದು, ನಲವತ್ತು ಹೆಜ್ಜೆ ಹಿಂದೆ ಸರಿದು, 50ರ ಸ್ಥಿರ ಮಸೂರದಲ್ಲಿ ತೆಗೆದೆ. ಆ ಚಿತ್ರ ಈಗ ಕಾರ್ಯಾಲಯದ ಗೋಡೆಯಲ್ಲಿದೆ.

ನಮ್ಮ ನೆರೆಯ ಹಂಪಿಯಲ್ಲಿ ಇದಕ್ಕೆ ಬಹಳ ದೊಡ್ಡ ನಿದರ್ಶನವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ದೊಡ್ಡ ದೊಡ್ಡ ನೆಗೆಟಿವುಗಳ ಮೇಲೆ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದನು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. 127 ವರ್ಷಗಳ ಅಂತರದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಕಂಬ ಉಳಿಯಿತು, ಯಾವುದು ಬಿದ್ದಿತು ಎಂದು ಎಣಿಸಬಹುದು. ಎಷ್ಟು ಬೆಲೆಯ ಝೂಮಿದ್ದರೂ ಗ್ರೀನ್‌ಲಾ ನಿಂತ ಅದೇ ನೆಲದ ಮೇಲೆ ನಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ.

ಕಲ್ಲಿನ ಮಾತು ಬಂದದ್ದರಿಂದ ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಕನ್ನಡ ಶಾಸನಗಳಿಗೆ ಕೊರತೆಯಿಲ್ಲ. 1939ರಲ್ಲಿ ಪ್ರಕಟವಾದ 'ದಕ್ಷಿಣ ಭಾರತದ ಶಾಸನಗಳು' ಒಂಬತ್ತನೆಯ ಸಂಪುಟದ ಮೊದಲ ಭಾಗವು ಮದರಾಸು ಪ್ರಾಂತದ ಕನ್ನಡ ಶಾಸನಗಳ ಸಂಗ್ರಹವೇ ಆಗಿದ್ದು, ಅದರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಪಾಲು ದೊಡ್ಡದು. ಸುಮಾರು ಹತ್ತು ವರ್ಷಗಳ ಕೆಳಗೆ ಏಳನೆಯ ತರಗತಿಯ ಮಕ್ಕಳೊಡನೆ ನೆರೆಯೂರಿಗೆ ಹೋಗಿದ್ದಾಗ, ಹಳೆಯ ಬಾವಿಯೊಂದರ ಕಟ್ಟೆಗೆ ಒರಗಿಸಿದ್ದ ಬರಹದ ಕಲ್ಲೊಂದು ಕಣ್ಣಿಗೆ ಬಿತ್ತು. ಹೆಂಗಸರು ಅದರ ಮೇಲೆಯೇ ಬಟ್ಟೆ ಕುಕ್ಕುತ್ತಿದ್ದರು. ಎದುರಿಗೆ ದನದ ಕಲ್ಲುಬಾನಿ. ಹಿಂದೆ ಸರಿಯಲು ಜಾಗವಿಲ್ಲ. ಝೂಮನ್ನು 18ಕ್ಕೆ ತಿರುಗಿಸಿದೆ, ಒಂದೇ ಸಲಕ್ಕೆ ಇಡೀ ಕಲ್ಲು ಬಂದಿತು. ಕೆಲಸ ಮುಗಿಯಿತೆಂದು ಮಕ್ಕಳನ್ನು ಕರೆದುಕೊಂಡು ಹೊರಟೆ.

ಅಗ್ಗದ ಝೂಮ್ ಅಗಲದ ತುದಿಯಲ್ಲಿ ನೇರಗೆರೆಗಳನ್ನು ಹೊರಕ್ಕೆ ಬಾಗಿಸುತ್ತದೆ. ಅಂಚುಗಳಲ್ಲಿ ಸ್ಪಷ್ಟತೆಯೂ ಕುಗ್ಗುತ್ತದೆ. ಮನೆಗೆ ಬಂದು ನೋಡಿದರೆ ಕಲ್ಲು ಹೊಟ್ಟೆ ಬಂದ ಮಡಕೆಯಂತೆ ಉಬ್ಬಿತ್ತು. ಮತ್ತೊಮ್ಮೆ ಹೋದರಾಯಿತೆಂದುಕೊಂಡೆ. ಹೋಗುವಷ್ಟರಲ್ಲಿ ಮಳೆಗಾಲ ಎರಡು ಕಳೆದಿದ್ದವು, ಬಾವಿಯನ್ನು ಮುಚ್ಚಿ ಸಿಮೆಂಟು ಹಾಕಿದ್ದರು, ಕಲ್ಲು ಎಲ್ಲಿ ಹೋಯಿತೆಂದು ಹೇಳುವವರು ಯಾರೂ ಇರಲಿಲ್ಲ. ಮೇಲೆ ಹೇಳಿದ ಸಂಪುಟದಲ್ಲಿಯೂ ಅದು ನನಗೆ ಸಿಗಲಿಲ್ಲ. ಶಾಸನ ಓದಬಲ್ಲ ಹಿರಿಯರೊಬ್ಬರು ನನ್ನ ಚಿತ್ರದಿಂದ ನಡುವಿನ ಸಾಲುಗಳನ್ನು ಬಿಡಿಸಿದರು. ಮೇಲಿನ ಒಂದು, ಕೆಳಗಿನ ಎರಡು ಸಾಲು ಅವರಿಗೂ ದಕ್ಕಲಿಲ್ಲ. ದಾನ ಕೊಟ್ಟದ್ದು ಗೊತ್ತಾಯಿತು, ಕೊಟ್ಟವರು ಯಾರೆಂಬುದು ಆ ಅಂಚಿನಲ್ಲಿ ಕರಗಿಹೋಯಿತು. ಅಂದು ನನ್ನ ಚೀಲದಲ್ಲಿಯೇ 50ರ ಮಸೂರವಿತ್ತು. ಅದರಿಂದ ಕಲ್ಲನ್ನು ಮೂರು ಭಾಗವಾಗಿ, ಒಂದರ ಮೇಲೊಂದು ಸ್ವಲ್ಪ ಹೊಂದುವಂತೆ ತೆಗೆದಿದ್ದರೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಆ ಬಳಿಕ ಕಲ್ಲಿಗೆ ನಾನು ಝೂಮ್ ಒಡ್ಡಿಲ್ಲ. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ, ಮುಕ್ಕಾಲಿಯ ಮೇಲೆ, ಕಲ್ಲಿಗೆ ಸಮಾನಾಂತರವಾಗಿ ಕ್ಯಾಮೆರಾ ಇಟ್ಟು, ಅಪರ್ಚರನ್ನು ಎಫ್ 8ಕ್ಕೆ ಕಿರಿದಾಗಿಸಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ನಿಲ್ಲುತ್ತದೆ. ಕಲ್ಲಿಗೆ ಎಣ್ಣೆ, ಸುಣ್ಣ ಬಳಿಯುವವರ ಕೈ ಹಿಡಿದು ತಡೆಯಿರಿ. ರಾತ್ರಿಯಾದರೆ ಪಕ್ಕದಿಂದ ಒಂದು ಬ್ಯಾಟರಿ ದೀಪ ಹಿಡಿದರೆ ಸಾಕು.

ಹಾಗಾದರೆ ಝೂಮ್ ಕೆಲಸಕ್ಕೆ ಬಾರದ್ದೇ? ಆಲೂರು, ಆಸ್ಪರಿ ಕಡೆಯ ಕಪ್ಪು ನೆಲದ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡು ನಿಂತಾಗ ನನ್ನ 50ರ ಮಸೂರವು ಬರೀ ಹೊಲವನ್ನು ತೋರಿಸುತ್ತದೆ. ನಾಲ್ಕು ಹೆಜ್ಜೆ ಮುಂದಿಟ್ಟರೆ ಹಿಂಡು ನಾಲ್ಕು ಹೊಲ ದಾಟಿರುತ್ತದೆ. ಅಲ್ಲಿ ದೀರ್ಘ ಸಂಗಮದೂರವೇ ಬೇಕು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜಕಾರಣದ ನಡುವೆ ಬಿಡುವು ಮಾಡಿಕೊಂಡು ಕಾಡುಪ್ರಾಣಿಗಳ ಚಿತ್ರ ತೆಗೆದು, 1983ರಲ್ಲಿ ಗ್ರಂಥವನ್ನೇ ಹೊರತಂದರು. ಆ ಹವ್ಯಾಸಕ್ಕೆ ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ನಮ್ಮ ಬಿಸಿಲಿನ ಸೀಮೆಯಲ್ಲಿ ಇನ್ನೊಂದು ತೊಡಕೂ ಉಂಟು. ಹತ್ತು ಗಂಟೆ ದಾಟಿದ ಮೇಲೆ ಕಾದ ನೆಲದಿಂದೇಳುವ ಝಳ ಗಾಳಿಯನ್ನೇ ನಡುಗಿಸುತ್ತದೆ. ಆಗ 300 ಮಿ.ಮೀ.ನ ಚಿತ್ರ ನೀರಿನೊಳಗೆ ನೋಡಿದಂತಿರುತ್ತದೆ. ತಪ್ಪು ಮಸೂರದ್ದಲ್ಲ, ಎದ್ದ ಹೊತ್ತಿನದು.

ಇನ್ನು ಧೂಳು. ಹತ್ತಿಯ ಕಾಲದಲ್ಲಿ ಆದವಾನಿಯ ಜಿನ್ನಿಂಗ್ ಗಿರಣಿಗಳ ಬೀದಿಯಲ್ಲಿ ಮಸೂರ ಬದಲಾಯಿಸಿ ನೋಡಿರಿ. ಕ್ಯಾಮೆರಾದ ಒಳಗೆ ನೂಲು ತೆಗೆಯಬಹುದು! ಎರಡು ಮೂರು ಸ್ಥಿರ ಮಸೂರ ಹೊತ್ತು ತಿರುಗುವವನಿಗೆ ಇದು ನಿಜವಾದ ಕಷ್ಟ. ಒಂದೇ ಝೂಮ್ ಹಾಕಿಕೊಂಡವನು ಆ ಮಟ್ಟಿಗೆ ಸುಖಿ, ಅದರ ಕೊಳವೆ ಉದ್ದವಾಗುವಾಗ ಕೊಂಚ ಧೂಳನ್ನು ಒಳಗೆಳೆದುಕೊಂಡರೂ.

ಬೆಳಕಿನ ಲೆಕ್ಕ ತಿಳಿಯಬೇಕಾದರೆ ದೇವರಗಟ್ಟಿಗೆ ಹೋಗಬೇಕು. ವಿಜಯದಶಮಿಯ ರಾತ್ರಿ ಹೊಳಗುಂದ ಮಂಡಲದ ಆ ಗುಡ್ಡದಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ. ಉತ್ಸವಮೂರ್ತಿಗಾಗಿ ಊರೂರಿನವರು ಪಂಜಿನ ಬೆಳಕಿನಲ್ಲಿ ದೊಣ್ಣೆ ಹಿಡಿದು ಕಾದಾಡುವುದನ್ನು ಓದುಗರು ಬಲ್ಲರು. ತಲೆ ಒಡೆಯದ ವರ್ಷವೇ ಅಪರೂಪ. ಅಂತಹ ಕಡೆ ದೂರ ನಿಲ್ಲುವುದೇ ವಿವೇಕವೆಂದು ಒಂದು ವರ್ಷ 250 ಮಿ.ಮೀ.ವರೆಗಿನ ಝೂಮ್ ಹಿಡಿದು ಬಂಡೆಯೊಂದರ ಮೇಲೆ ನಿಂತೆ. ಆ ತುದಿಯಲ್ಲಿ ಅದರ ಬೆಳಕಿನ ಕಂಡಿ ಎಫ್ 5.6ಕ್ಕಿಂತ ಹಿಗ್ಗದು. ಷಟರ್ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕಾಯಿತು. ಕೈನಡುಕವನ್ನು ತಡೆಯುವ ಉಪಾಯ ಮಸೂರದಲ್ಲಿಯೇ ಇತ್ತು, ನಿಜ. ಆದರೆ ದೊಣ್ಣೆ ಬೀಸುವವನ ಕೈಯನ್ನು ಅದು ತಡೆಯಬಲ್ಲದೆ? ಸಿಕ್ಕಿದ್ದು ಬೆಂಕಿಯ ಗೆರೆಗಳು ಮಾತ್ರ. ಮರುವರ್ಷ ಅದೇ ಬಂಡೆಯಿಂದ ಎಫ್ 1.8ರ 50 ಮಿ.ಮೀ. ಮಸೂರ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು ಹತ್ತು. ಅಂದರೆ ಹತ್ತರಷ್ಟು ಬೆಳಕು, ಎಂಟನೆಯ ಒಂದು ಭಾಗವಿದ್ದದ್ದು ಎಂಬತ್ತನೆಯ ಒಂದು ಭಾಗ. ಮನುಷ್ಯರು ಚಿಕ್ಕದಾಗಿ ಬಂದರು, ಆದರೆ ಬಂದರು. ಅರಿಸಿನ ಮೆತ್ತಿದ ಮುಖಗಳನ್ನೂ ಮೇಲೆತ್ತಿದ ಪಂಜುಗಳನ್ನೂ ಬೇಕಾದಷ್ಟು ಕತ್ತರಿಸಿಕೊಂಡೆ. ಎಫ್ 2.8ರ ದೊಡ್ಡ ಝೂಮುಗಳಿವೆಯಲ್ಲ ಎಂದರೆ, ಅವುಗಳ ಬೆಲೆ ಲಕ್ಷ ದಾಟುತ್ತದೆ; ಮೇಷ್ಟರ ಸಂಬಳಕ್ಕೆ ಅದು ದೂರದ ಬೆಟ್ಟ.

ಮತ್ತೊಂದು ಚಿತ್ರದ ಮಾತು ಹೇಳಬೇಕು. ನನ್ನ ದೊಡ್ಡಮ್ಮ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುವಾಕೆ. ಝೂಮ್ ಇದ್ದಾಗ ಅಂಗಳದಾಚೆಯಿಂದ ಕದ್ದು ತೆಗೆದ ಹಲವು ಚಿತ್ರಗಳಿದ್ದವು; ಎಲ್ಲದರಲ್ಲಿಯೂ ಆಕೆ ಯಾರೋ ಪರಕೀಯಳಂತಿದ್ದಳು. ಒಂದು ಸಂಜೆ 50ರ ಮಸೂರ ಹಾಕಿಕೊಂಡು ಕಿಟಕಿಯ ಪಕ್ಕ, ಆಕೆಯ ಎದುರಿಗೇ, ನಾಲ್ಕು ಅಡಿ ದೂರದಲ್ಲಿ ಕುಳಿತೆ. "ಇಷ್ಟು ಹತ್ರ ಕುಂತು ಏನ್ ನೋಡ್ತೀಯೋ ತಮ್ಮಾ?" ಎಂದಳು. ಜೋಳದ ಬೆಲೆಯಿಂದ ಹಿಡಿದು ತನ್ನ ತವರಿನ ಬರಗಾಲದವರೆಗೆ ಒಂದು ಗಂಟೆ ಮಾತಾಡಿದಳು. ಚಿತ್ರ ತೆಗೆದದ್ದು ಮೂರೇ. ಆ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಗೋಡೆಯ ಮೇಲೆ ಹಾಕಲು ಮಕ್ಕಳು ಆರಿಸಿಕೊಂಡದ್ದು ಆ ಮೂರರಲ್ಲೊಂದು.

ಹಳೆಯ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು. 18ರಿಂದ 300ರ ಆಸೆ ಬಿಡು. ಕ್ಯಾಮೆರಾದೊಡನೆ ಬಂದಿರುವ ಚಿಕ್ಕ ಝೂಮನ್ನು ಮಾರಬೇಡ. ಒಂದು ತಿಂಗಳು ಅದರಲ್ಲಿ ತೆಗೆದ ಚಿತ್ರಗಳ ಸಂಗಮದೂರ ನೋಡು, ಕ್ಯಾಮೆರಾ ಅದನ್ನು ಬರೆದಿಟ್ಟಿರುತ್ತದೆ. ಎಲ್ಲಿ ಹೆಚ್ಚು ನಿಂತಿದೆಯೋ ಆ ದೂರದ ಸ್ಥಿರ ಮಸೂರವೊಂದನ್ನು ಮಾತ್ರ ತೆಗೆದುಕೊ. ನಿನ್ನದು ಚಿಕ್ಕ ಸೆನ್ಸರಿನ ಕ್ಯಾಮೆರಾ ಆದ್ದರಿಂದ ಹಳೆಯ ಫಿಲ್ಮಿನ 50 ತೋರಿಸುತ್ತಿದ್ದ ನೋಟವನ್ನು 35ರ ಮಸೂರ ತೋರಿಸುತ್ತದೆ. ಮನೆಯೊಳಗಿನ ಬಾಳಿಗೆ ಅದು ಸಾಕು. ಉಳಿದ ಹಣ ಮನೆಯಲ್ಲಿರಲಿ.

ಅವನು ತಲೆಯಾಡಿಸಿ, "ಆದ್ರೆ ಸಾರ್, ಮಗಳ ಸಾಲಿ ಗ್ಯಾದರಿಂಗ್‌ನಾಗೆ ನಾಲ್ಕನೇ ಸಾಲಿನ ಕುರ್ಚಿ ಬಿಟ್ಟು ಏಳಂಗಿಲ್ಲ. ಆಕಿ ಕುಣಿಯೋದು ಎರಡೇ ನಿಮಿಷ" ಎಂದನು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವೇದಿಕೆಯ ಮೇಲೆ ದೀಪಗಳಿರುತ್ತವೆ, ತಂದೆಗೆ ಎದ್ದು ನಡೆಯುವ ಸ್ವಾತಂತ್ರ್ಯವಿಲ್ಲ. ಅಲ್ಲಿ ಝೂಮೇ ಸರಿ. ಕೊನೆಗೆ ಅವನು 55ರಿಂದ 250ರ ಒಂದು ಝೂಮ್ ಕೊಂಡನು. ಸ್ಥಿರ ಮಸೂರ ಮುಂದಿನ ಬೋನಸ್ಸಿಗೆ ಎಂದಿದ್ದಾನೆ. ಹೋದ ವಾರ ಮಗಳ ಚಿತ್ರ ಕಳಿಸಿದ್ದ. ಗಾಳಿಯಲ್ಲಿ ಎರಡೂ ಪಾದ, ನಗು ಕಿವಿಯವರೆಗೆ.

ನಮ್ಮಿಬ್ಬರ ಕ್ಯಾಮೆರಾಗಳೂ ಒಂದೇ ಕಂಪನಿಯವು. ಒಂದರ ಮಸೂರ ಇನ್ನೊಂದಕ್ಕೆ ಕೂಡುತ್ತದೆ. ದಸರೆಗೆ ಬರುತ್ತಾನಂತೆ. "ಬನ್ನಿ ದಿನ ನಿಮ್ಮ ಐವತ್ತು ನನಗೆ ಕೊಡ್ರಿ ಸಾರ್, ಮರುದಿನ ಜಿಂಕೆಗೆ ನನ್ನ ಝೂಮ್ ನೀವು ತಗೊಳ್ರಿ" ಎಂದು ಕೇಳಿದ್ದಾನೆ. ಒಪ್ಪಿದ್ದೇನೆ, ಬಂಡೆಯಿಂದ ಕೆಳಗಿಳಿಯಕೂಡದೆಂಬ ಷರತ್ತಿನ ಮೇಲೆ.